ವೇಗಮಾಪಕದಲ್ಲಿ ಇಲ್ಲದ ಗೆರೆ



ಲಾರಿ, ಬಸ್ಸುಗಳ ಹಿಂಭಾಗದಲ್ಲಿ ವೇಗದ ಮಿತಿಯನ್ನು ಬರೆದಿರುವುದನ್ನು ನೀವೆಲ್ಲ ನೋಡಿದ್ದೀರಿ. ಅದು ಒಂದೇ ಸಂಖ್ಯೆ. ಅದಕ್ಕಿಂತ ನಿಧಾನವಾಗಿ ಹೋದರೆ ಯಾರೂ ಕೇಳುವುದಿಲ್ಲ. ವಿಮಾನಕ್ಕೆ ಈ ಅನುಕೂಲವಿಲ್ಲ. ಅಲ್ಲಿ ವೇಗ ಹೆಚ್ಚಾದರೂ ಅಪಾಯ, ಕಡಿಮೆಯಾದರೂ ಅಪಾಯ. ನಿಮ್ಮಲ್ಲಿ ಪೈಲಟ್ ಆಗುವ ಆಸೆಯುಳ್ಳವರು ಇರುವುದರಿಂದ ಇಂದು ಈ ಒಂದು ವಿಷಯವನ್ನೇ ಹೇಳುತ್ತೇನೆ.

ಜಗತ್ತಿನಲ್ಲಿ ಅತಿ ಹೆಚ್ಚು ಸಂಖ್ಯೆಯಲ್ಲಿ ತಯಾರಾದ ಸಣ್ಣ ವಿಮಾನ ಸೆಸ್ನಾ 172. ಅದರ 172 ಎಸ್ ಮಾದರಿಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅದರ ವೇಗಮಾಪಕದ ಮೇಲೆ ಬಣ್ಣದ ಪಟ್ಟಿಗಳಿವೆ. ಅಂಕಿಗಳು ನಾಟ್ ಲೆಕ್ಕದಲ್ಲಿ; ಒಂದು ನಾಟ್ ಎಂದರೆ ಗಂಟೆಗೆ 1.852 ಕಿ.ಮೀ. ಬಿಳಿ ಪಟ್ಟಿ 40ರಿಂದ 85ರವರೆಗೆ, ಫ್ಲ್ಯಾಪ್‌ಗಳನ್ನು ಪೂರ್ತಿ ಇಳಿಸಿ ಹಾರಬಹುದಾದ ವೇಗ. ಹಸಿರು 48ರಿಂದ 129, ಸಾಮಾನ್ಯ ಹಾರಾಟಕ್ಕೆ. ಹಳದಿ 129ರಿಂದ 163, ಗಾಳಿ ಶಾಂತವಾಗಿದ್ದರೆ ಮಾತ್ರ, ಅದೂ ಎಚ್ಚರಿಕೆಯಿಂದ. 163ರಲ್ಲಿ ಕೆಂಪು ಗೆರೆ. ಅದನ್ನು ಎಂದೂ ದಾಟಬಾರದು.

ಇಷ್ಟನ್ನು ಬಾಯಿಪಾಠ ಮಾಡಿದರೆ ಸಾಕು ಎಂದುಕೊಳ್ಳಬೇಡಿ. ಹಸಿರು ಪಟ್ಟಿ ಆರಂಭವಾಗುವ 48 ನಾಟ್ ಎಂಬುದು ಪೂರ್ತಿ ತೂಕದ ವಿಮಾನ ನೇರವಾಗಿ ಹಾರುವಾಗಿನ ಲೆಕ್ಕ. ಅದಕ್ಕಿಂತ ಕೆಳಗಿಳಿದರೆ ರೆಕ್ಕೆಯ ಮೇಲಿನ ಗಾಳಿಯ ಹರಿವು ಕಿತ್ತುಹೋಗಿ ಎತ್ತುವ ಬಲ ಕುಸಿಯುತ್ತದೆ. ಇದನ್ನು ಸ್ಟಾಲ್ ಎನ್ನುತ್ತಾರೆ. ಎಂಜಿನ್ ನಿಂತಿತೆಂದು ಇದರ ಅರ್ಥವಲ್ಲ. ಎಂಜಿನ್ ಚೆನ್ನಾಗಿ ಓಡುತ್ತಿದ್ದಾಗಲೂ ಸ್ಟಾಲ್ ಆಗಬಹುದು. ಎತ್ತರ ಕಳೆದುಕೊಳ್ಳದೆ 60 ಡಿಗ್ರಿ ವಾಲಿ ತಿರುಗಿದರೆ ರೆಕ್ಕೆ ಹೊರಬೇಕಾದ ಭಾರ ಎರಡರಷ್ಟಾಗುತ್ತದೆ. ಆಗ 48ರ ಬದಲು ಸುಮಾರು 68 ನಾಟ್‌ನಲ್ಲೇ ಸ್ಟಾಲ್. ಮುಳ್ಳು ಹಸಿರಿನ ನಡುವೆಯೇ ಇದೆ, ವಿಮಾನ ಮಾತ್ರ ಬೀಳುತ್ತಿದೆ! ಇಳಿಯಲು ರನ್‌ವೇ ಕಡೆಗೆ ತಿರುಗುವಾಗ ಇದು ಸಂಭವಿಸಿದರೆ ಸುಧಾರಿಸಿಕೊಳ್ಳಲು ಎತ್ತರವೇ ಉಳಿದಿರುವುದಿಲ್ಲ.

ಇನ್ನೊಂದು ಮಾತು. ಬೆಂಗಳೂರಿನ ಜಕ್ಕೂರು ವಿಮಾನ ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರದಲ್ಲಿದೆ. ಅಲ್ಲಿನ ಗಾಳಿ ತೆಳು. ಮುಳ್ಳು 65 ತೋರಿಸುವಾಗ ನಿಜವಾದ ವೇಗ 68, 69 ಇರುತ್ತದೆ. ನೆಲ ಬೇಗ ಬೇಗ ಹಿಂದೆ ಸರಿಯುವುದನ್ನು ಕಂಡು ಹೊಸಬ ವೇಗ ಇಳಿಸಿಬಿಟ್ಟರೆ ಕೆಟ್ಟ. ರೆಕ್ಕೆಗೆ ತಿಳಿಯುವುದು ಗಾಳಿಯ ಒತ್ತಡ. ವೇಗಮಾಪಕ ಅಳೆಯುವುದೂ ಅದನ್ನೇ. ಆದ್ದರಿಂದ ಕಣ್ಣಿಗಿಂತ ಮುಳ್ಳನ್ನು ನಂಬಬೇಕು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಗಾಳಿ ಎಗರಾಡುವಾಗ ಬೇಕಾಗುವ ಒಂದು ವೇಗವಿದೆ. ಅದನ್ನು ಈ ಬಣ್ಣಗಳಲ್ಲಿ ಎಲ್ಲೂ ಗುರುತಿಸಿಲ್ಲ. ಇಂಗ್ಲಿಷಿನಲ್ಲಿ ಅದಕ್ಕೆ ಮೆನೂವರಿಂಗ್ ಸ್ಪೀಡ್ ಎಂದು ಹೆಸರು. ಆ ವೇಗದೊಳಗಿದ್ದರೆ ಪೈಲಟ್ ಕಂಟ್ರೋಲನ್ನು ಜೋರಾಗಿ ಹಿಂದಕ್ಕೆಳೆದರೂ ರೆಕ್ಕೆ ಮುರಿಯುವ ಮೊದಲೇ ಸ್ಟಾಲ್ ಆಗಿ ಭಾರ ಕಳಚಿಕೊಳ್ಳುತ್ತದೆ. ಮನೆಯ ವೈರಿಂಗ್ ಸುಟ್ಟುಹೋಗುವ ಮೊದಲು ಫ್ಯೂಸ್ ಹೋಗುವ ಹಾಗೆ. ಅದನ್ನು ಮೀರಿದ ವೇಗದಲ್ಲಿ ಈ ಫ್ಯೂಸ್ ಕೆಲಸ ಮಾಡುವುದಿಲ್ಲ.

ಈ ವೇಗವನ್ನು ಬಣ್ಣದಲ್ಲಿ ಬರೆಯಲಾಗದು, ಏಕೆಂದರೆ ಅದು ತೂಕದೊಂದಿಗೆ ಬದಲಾಗುತ್ತದೆ. 172 ಎಸ್ ಕೈಪಿಡಿಯ ಪ್ರಕಾರ 2,550 ಪೌಂಡ್ ತೂಕಕ್ಕೆ 105 ನಾಟ್, 2,200 ಪೌಂಡ್‌ಗೆ 98, 1,900 ಪೌಂಡ್‌ಗೆ 90. ಗಮನಿಸಿದಿರಾ? ತೂಕ ಕಡಿಮೆಯಾದಷ್ಟೂ ನಿಧಾನವಾಗಿ ಹಾರಬೇಕು! ಹಗುರವಾದ ವಿಮಾನಕ್ಕೆ ಹೆಚ್ಚು ಸ್ವಾತಂತ್ರ್ಯ ಇರಬೇಕಲ್ಲವೇ ಎಂದು ನಮಗೆ ತೋರುತ್ತದೆ. ಆದರೆ ಖಾಲಿ ಲಾರಿ ಗುಂಡಿಯ ರಸ್ತೆಯಲ್ಲಿ ಹೇಗೆ ಎಗರುತ್ತದೆ ನೋಡಿ. ಹಾಗೆಯೇ ಗಾಳಿಯ ಒಂದೇ ಹೊಡೆತ ಹಗುರವಾದ ವಿಮಾನವನ್ನು ಹೆಚ್ಚು ಜೋರಾಗಿ ಎಸೆಯುತ್ತದೆ. ಎಂಜಿನ್ ಮತ್ತು ಅದನ್ನು ಹಿಡಿದಿರುವ ಚೌಕಟ್ಟು, ಆಸನ, ಬ್ಯಾಟರಿ ಇವುಗಳ ತೂಕವೇನೂ ಕಡಿಮೆಯಾಗಿಲ್ಲ. ಆ ಎಳೆತವನ್ನು ಅವು ತಡೆದುಕೊಳ್ಳಬೇಕು. ಬೋಧಕರ ಜೊತೆ ಹಾರಿ ಕಲಿತ ಹುಡುಗ ಮೊದಲ ಬಾರಿ ಒಬ್ಬನೇ ಹಾರುವಾಗ ಪಕ್ಕದ ಆಸನ ಖಾಲಿ ಇರುತ್ತದೆ. ಅವನ ಮಿತಿ ಆ ದಿನ ಬೇರೆ.

ಹಾಗಾದರೆ ಈ ವೇಗದೊಳಗೆ ಏನು ಮಾಡಿದರೂ ನಡೆಯುತ್ತದೆಯೇ? ಇಲ್ಲ. 2001ರ ನವೆಂಬರ್ 12ರಂದು ನ್ಯೂಯಾರ್ಕ್‌ನಿಂದ ಹೊರಟ ಅಮೆರಿಕನ್ ಏರ್‌ಲೈನ್ಸ್ 587ನೇ ವಿಮಾನ ಬಿದ್ದು 265 ಜನ ಸತ್ತರು. ಅದು ದೊಡ್ಡ ಏರ್‌ಬಸ್, ನಿಜ. ಆದರೆ ಪಾಠ ಸಣ್ಣ ವಿಮಾನಕ್ಕೂ ಒಂದೇ. ಮುಂದೆ ಹೋಗಿದ್ದ ವಿಮಾನ ಎಬ್ಬಿಸಿದ ಸುಳಿಗೆ ಸಿಕ್ಕಾಗ ಸಹ ಪೈಲಟ್ ರಡರ್ ಪೆಡಲನ್ನು ಎಡಕ್ಕೂ ಬಲಕ್ಕೂ ಮತ್ತೆ ಮತ್ತೆ ತುಳಿದರು. ವೇಗ ಮೆನೂವರಿಂಗ್ ಮಿತಿಯ ಒಳಗೇ ಇತ್ತು. ಆದರೂ ಬಾಲದ ನೇರ ರೆಕ್ಕೆ ಕಿತ್ತುಹೋಯಿತು. ತನಿಖೆಯಲ್ಲಿ ರಡರ್ ವ್ಯವಸ್ಥೆಯ ಸ್ವರೂಪ, ಕಂಪನಿಯ ತರಬೇತಿ ಎರಡೂ ಕಾರಣಗಳ ಪಟ್ಟಿಗೆ ಸೇರಿದವು; ತಪ್ಪನ್ನು ಒಬ್ಬ ಪೈಲಟ್‌ನ ತಲೆಗೆ ಕಟ್ಟಲು ಬರುವುದಿಲ್ಲ. ಮೆನೂವರಿಂಗ್ ಸ್ಪೀಡ್‌ನ ರಕ್ಷಣೆ ಒಂದು ದಿಕ್ಕಿನ ಒಂದು ಚಲನೆಗೆ ಮಾತ್ರ. ಎದುರುಬದುರಾಗಿ ಪದೇ ಪದೇ ತುಳಿಯುವುದಕ್ಕೆ ಅದು ಅನ್ವಯಿಸುವುದಿಲ್ಲ. ದೊಡ್ಡ ವಿಮಾನಗಳ ಕೈಪಿಡಿಯಲ್ಲಿ ಈ ಎಚ್ಚರಿಕೆ ಸ್ಪಷ್ಟವಾಗಿ ಇರಬೇಕೆಂದು ಅಮೆರಿಕದಲ್ಲಿ ನಿಯಮ ತಿದ್ದಿದ್ದು 2010ರಲ್ಲಿ.