ಸಂಖ್ಯಾಶಾಸ್ತ್ರ: ಯಾವ ಮೆಟ್ಟಿಲು ಮೊದಲು?

(ಸೌತ್‌ಹಾಲ್‌ನಲ್ಲಿ ನಡೆದ ಸಹಾಯಾರ್ಥ ಸಮಾರಂಭದಲ್ಲಿ ಪೋಷಕರನ್ನು ಉದ್ದೇಶಿಸಿ ಆಡಿದ ಮಾತುಗಳು)



ಊಟಕ್ಕೆ ಮೊದಲು ನಾಲ್ಕು ಮಾತಾಡಿ ಎಂದು ಕಾರ್ಯದರ್ಶಿಗಳ ಅಪ್ಪಣೆಯಾಗಿದೆ. ನನ್ನ ಅಕ್ಕನ ಮಗಳಿಂದಲೇ ಆರಂಭಿಸುತ್ತೇನೆ. ಅವಳು ಇಲ್ಲಿ ಮೂರು ವರ್ಷ ಮನಶ್ಶಾಸ್ತ್ರ ಓದಿದಳು. ಅದರಲ್ಲಿ ಬಂದ ಸಂಖ್ಯಾಶಾಸ್ತ್ರ ಅವಳಿಗೆ ಬಹಳ ಹಿಡಿಸಿ, ಅದರಲ್ಲೇ ಎಂ.ಎಸ್ಸಿ. ಮಾಡುತ್ತೇನೆಂದು ಅರ್ಜಿ ಹಾಕಿದಳು. ಅಂಕಗಳು ಚೆನ್ನಾಗಿದ್ದರೂ ಸೀಟು ಸಿಗಲಿಲ್ಲ. ಕಲನಶಾಸ್ತ್ರ, ರೇಖೀಯ ಬೀಜಗಣಿತ ಓದಿಲ್ಲ ಎಂಬ ಒಂದೇ ಕಾರಣ. "ನೀನು ಮೊದಲೇ ಯಾಕೋ ಹೇಳಲಿಲ್ಲ?" ಎಂದು ಅಕ್ಕ ಕೇಳಿದರು. ಅವರಿಗೆ ಕೊಡಲಾಗದ ಉತ್ತರವನ್ನು ಇಂದು ನಿಮಗೆ ಕೊಡುತ್ತಿದ್ದೇನೆ.

ಈ ದಾರಿ ಕವಲೊಡೆಯುವುದು ಹದಿನಾರನೇ ವಯಸ್ಸಿನಲ್ಲಿ. ಎ-ಲೆವೆಲ್‌ನಲ್ಲಿ ಸ್ಟ್ಯಾಟಿಸ್ಟಿಕ್ಸ್ ಎಂಬ ಪ್ರತ್ಯೇಕ ವಿಷಯವೂ ಉಂಟು; ಹೆಸರು ನೋಡಿ ಅದೊಂದೇ ಸಾಕೆಂದುಕೊಳ್ಳಬೇಡಿ. ಸಂಖ್ಯಾಶಾಸ್ತ್ರದ ಪದವಿಗೆ ವಿಶ್ವವಿದ್ಯಾಲಯಗಳು ಕೇಳುವುದು ಎ-ಲೆವೆಲ್ ಮ್ಯಾಥ್ಸ್. 2017ರಲ್ಲಿ ಆರಂಭವಾದ ಹೊಸ ಪಠ್ಯಕ್ರಮದಲ್ಲಿ ಅದರೊಳಗೇ ಸಂಖ್ಯಾಶಾಸ್ತ್ರ ಎಲ್ಲರಿಗೂ ಕಡ್ಡಾಯ. ಫರ್ದರ್ ಮ್ಯಾಥ್ಸ್ ಕೂಡ ಇದ್ದರೆ ಮೊದಲ ವರ್ಷ ಎಷ್ಟೋ ಹಗುರ.

ಪದವಿಯ ಮೊದಲ ವರ್ಷ ಕಲನಶಾಸ್ತ್ರ, ರೇಖೀಯ ಬೀಜಗಣಿತ, ಸಂಭವನೀಯತೆ. "ಅಂಕಿಅಂಶ ಎಲ್ಲಿ?" ಎಂದು ಮಕ್ಕಳು ಗೊಣಗುತ್ತಾರೆ, ಗೊಣಗಲಿ. ಎರಡನೇ ವರ್ಷದ ಇನ್‌ಫರೆನ್ಸ್, ಅಂದರೆ ಹಿಡಿ ಅಕ್ಕಿ ನೋಡಿ ಮೂಟೆಯ ಬಗ್ಗೆ ಹೇಳುವ ವಿದ್ಯೆ, ಮತ್ತು ರಿಗ್ರೆಷನ್ ಅದರ ಮೇಲೆಯೇ ನಿಲ್ಲುತ್ತವೆ. ಮೂರನೇ ವರ್ಷ ಟೈಮ್ ಸೀರೀಸ್, ಬೇಯ್ಸಿಯನ್ ವಿಧಾನ ಮೊದಲಾದವನ್ನು ಅವರವರ ಒಲವಿನಂತೆ ಆರಿಸಿಕೊಳ್ಳಬಹುದು. ಆಕ್ಚುಯರಿ ಆಗಬೇಕೆನ್ನುವವರು, ಯಾವ ಕೋರ್ಸು ಓದಿದರೆ ಆ ವೃತ್ತಿಯ ಯಾವ ಪರೀಕ್ಷೆಗೆ ವಿನಾಯಿತಿ ಎಂದು ಸೇರುವ ಮೊದಲೇ ವಿಚಾರಿಸಿ.

ಎಂ.ಎಸ್ಸಿ. ಇಲ್ಲಿ ಸಾಮಾನ್ಯವಾಗಿ ಒಂದೇ ವರ್ಷ. ಬುನಾದಿ ಹಾಕುವಷ್ಟು ಸಮಯ ಅಲ್ಲಿಲ್ಲ. ಊರಿನಿಂದ ಬಿ.ಎಸ್ಸಿ. ಮುಗಿಸಿ ಬರುವ ನಿಮ್ಮ ಬಂಧುಗಳ ಮಕ್ಕಳಿಗೆ ಅಂಕಪಟ್ಟಿಯ ಜೊತೆ ಪಠ್ಯಕ್ರಮದ ಪ್ರತಿಯನ್ನೂ ತರಲು ಹೇಳಿ. ಎಷ್ಟು ಗಣಿತ ಓದಿದ್ದಾರೆಂದು ತೋರಿಸಲು ಅದು ಬೇಕಾಗುತ್ತದೆ.

ಈ ಕ್ರಮಕ್ಕೆ ಒಳ್ಳೆಯ ಉದಾಹರಣೆ ನಮ್ಮ ಹೂವಿನಹಡಗಲಿಯಲ್ಲೇ ಇದೆ. ಸಿ. ಆರ್. ರಾವ್ 1920ರಲ್ಲಿ ಅಲ್ಲಿ ಹುಟ್ಟಿದರು; ಮನೆಮಾತು ತೆಲುಗು. ಮೊದಲು ಆಂಧ್ರ ವಿಶ್ವವಿದ್ಯಾಲಯದಲ್ಲಿ ಗಣಿತದ ಎಂ.ಎ., ಆಮೇಲೆ 1943ರಲ್ಲಿ ಕಲ್ಕತ್ತೆಯಲ್ಲಿ ಸಂಖ್ಯಾಶಾಸ್ತ್ರದ ಎಂ.ಎ. 1946ರಲ್ಲಿ ಕೇಂಬ್ರಿಜ್‌ಗೆ ಬಂದದ್ದು ಸೂಡಾನಿನ ಜೆಬೆಲ್ ಮೋಯಾದಲ್ಲಿ ಅಗೆದು ತೆಗೆದ ಅಸ್ಥಿಪಂಜರಗಳ ಅಳತೆಗಳನ್ನು ವಿಶ್ಲೇಷಿಸಲು! ಆರ್. ಎ. ಫಿಷರ್ ಅವರ ಮಾರ್ಗದರ್ಶನದಲ್ಲಿ 1948ರಲ್ಲಿ ಪಿಎಚ್.ಡಿ. ಪಡೆದರು. ಇಂದು ಎರಡನೇ ವರ್ಷದ ಮಕ್ಕಳು ಬೆವರು ಸುರಿಸುವ ಕ್ರಾಮೇರ್-ರಾವ್ ಸೂತ್ರವನ್ನು ಅವರು 1945ರಲ್ಲೇ, ಪಿಎಚ್.ಡಿ.ಗೂ ಮೊದಲೇ ಪ್ರಕಟಿಸಿದ್ದರು. 2023ರಲ್ಲಿ ಅವರಿಗೆ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಪ್ರಶಸ್ತಿ ಬಂತು. ಅದೇ ಆಗಸ್ಟ್‌ನಲ್ಲಿ, 102ನೇ ವಯಸ್ಸಿನಲ್ಲಿ ತೀರಿಕೊಂಡರು.

ನಮಗಂತೂ ದೂರದ ನೆಪವಿಲ್ಲ. ಜಗತ್ತಿನಲ್ಲೇ ಮೊದಲನೆಯದೆನ್ನುವ ವಿಶ್ವವಿದ್ಯಾಲಯದ ಸಂಖ್ಯಾಶಾಸ್ತ್ರ ವಿಭಾಗವನ್ನು 1911ರಲ್ಲಿ ಕಾರ್ಲ್ ಪಿಯರ್ಸನ್ ಕಟ್ಟಿದ್ದು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ. ಸೌತ್‌ಹಾಲ್‌ನಲ್ಲಿ ಎಲಿಜಬೆತ್ ಲೈನ್ ಹತ್ತಿ ಟಾಟನ್‌ಹ್ಯಾಮ್ ಕೋರ್ಟ್ ರೋಡ್‌ನಲ್ಲಿ ಇಳಿದರೆ ಅಲ್ಲಿಂದ ನಡೆದೇ ಹೋಗಬಹುದು. ಓಪನ್ ಡೇ ದಿನ ಮಕ್ಕಳನ್ನು ಕರೆದೊಯ್ಯಿರಿ. ಅಕ್ಕನ ಮಗಳು ಈಗ ಸಂಜೆ ಹೊತ್ತು ರೇಖೀಯ ಬೀಜಗಣಿತ ಕಲಿಯುತ್ತಿದ್ದಾಳೆ. ಮುಂದಿನ ವರ್ಷ ಮತ್ತೆ ಅರ್ಜಿ ಹಾಕುತ್ತಾಳೆ. ಪ್ರಶ್ನೆಗಳಿದ್ದರೆ ಊಟದ ಸಾಲಿನಲ್ಲಿ ನನ್ನನ್ನು ಹಿಡಿಯಿರಿ.