ಗಿರಣಿಯ ನೆಲ ಯಾರ ಪಾಲಿಗೆ?

(ಗಿರಣಿ ಕಾರ್ಮಿಕರು ಮತ್ತು ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ನಗರ ಯೋಜನೆ ಎಂದೊಡನೆ ಅದು ಇಂಜಿನಿಯರರ ವಿದ್ಯೆ, ನಮಗೇಕೆ ಎಂದು ನಾವು ಸುಮ್ಮನಾಗುತ್ತೇವೆ. ಕೂಲಿ, ಬೋನಸ್ಸು, ತುಟ್ಟಿಭತ್ಯೆಗಳಿಗಾಗಿ ಹೋರಾಡಲು ಕಲಿತಿದ್ದೇವೆ. ಆದರೆ ಗೇಟಿನಲ್ಲಿ ಗೆದ್ದುಕೊಂಡ ನಾಲ್ಕು ಕಾಸನ್ನು ಮನೆಬಾಡಿಗೆ, ಬಸ್ಸಿನ ಚಾರ್ಜು, ಕೊಂಡು ಕುಡಿಯುವ ನೀರು ನುಂಗಿಬಿಟ್ಟರೆ ನಾವು ಗೆದ್ದದ್ದೇನು? ಬಡವನ ಮನೆ ಎಷ್ಟು ದೂರವಿರಬೇಕು, ಗಾಡಿಯವನು ಎಲ್ಲಿ ನಿಲ್ಲಬೇಕು ಎಂಬುದನ್ನು ಊರಿನ ನಕ್ಷೆ ನಿರ್ಧರಿಸುತ್ತದೆ. ಆ ನಕ್ಷೆಯನ್ನು ಓದಲು ನಾವೂ ಕಲಿಯಬೇಕು.

ಮುಂಬಯಿಯಲ್ಲಿ ನಡೆದದ್ದನ್ನು ನೋಡೋಣ. 1982ರ ಜನವರಿಯಲ್ಲಿ ದತ್ತಾ ಸಾಮಂತರ ಮುಂದಾಳುತನದಲ್ಲಿ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಮುಷ್ಕರ ಹೂಡಿದರು. ವರ್ಷಕ್ಕೂ ಮೀರಿ ನಡೆದ ಆ ಮುಷ್ಕರ ಮುರಿಯಿತು. ಸಾವಿರಾರು ಜನ ಕೆಲಸ ಕಳೆದುಕೊಂಡರು, ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಕಾರ್ಮಿಕರಿಗೆ ಊಟ ಹಾಕಿ ಬದುಕುತ್ತಿದ್ದ ಖಾನಾವಳಿಯ ಹೆಂಗಸರು, ಚಹದಂಗಡಿಯವರು, ಉದ್ರಿ ಕೊಟ್ಟ ಕಿರಾಣಿಯವರು ಎಲ್ಲರೂ ಜೊತೆಗೇ ಬಿದ್ದರು. ಉಳಿದದ್ದು ನೆಲ. ನಗರದ ನಡುವೆ, ಸುಮಾರು 600 ಎಕರೆ.

1991ರಲ್ಲಿ ಅಲ್ಲಿಯ ಸರಕಾರ ಒಂದು ನಿಯಮ ಮಾಡಿತು. ಗಿರಣಿಯ ನೆಲವನ್ನು ಬೇರೆ ಉಪಯೋಗಕ್ಕೆ ಬಿಡುವುದಾದರೆ ಸ್ಥೂಲವಾಗಿ ಮೂರು ಪಾಲು ಮಾಡಬೇಕು: ಒಂದು ಪಾಲು ನಗರಸಭೆಗೆ, ಮೈದಾನ ಉದ್ಯಾನಗಳಿಗಾಗಿ, ಒಂದು ಪಾಲು ಗೃಹಮಂಡಳಿಗೆ, ಜನಸಾಮಾನ್ಯರ ಮನೆಗಳಿಗಾಗಿ, ಉಳಿದದ್ದು ಮಾಲೀಕನಿಗೆ. 1996ರಲ್ಲಿ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರ ಸಮಿತಿಯನ್ನು ನೇಮಿಸಲಾಯಿತು. ಗಿರಣಿಗಳ ನೆಲವನ್ನು ಒಟ್ಟಾಗಿ ನೋಡಿ ಯೋಜಿಸಬೇಕೆಂದು ಆ ಸಮಿತಿ ಹೇಳಿತು.

2001ರಲ್ಲಿ ನಿಯಮಕ್ಕೆ ತಿದ್ದುಪಡಿ ಬಂತು. ಇಡೀ ನೆಲವನ್ನಲ್ಲ, ಕಟ್ಟಡವಿಲ್ಲದೆ ಖಾಲಿ ಬಿದ್ದ ಜಾಗವನ್ನು ಮಾತ್ರ ಪಾಲು ಮಾಡಿದರೆ ಸಾಕು ಎಂದಾಯಿತು. ಗಿರಣಿಯ ಆವರಣದಲ್ಲಿ ಖಾಲಿ ಜಾಗವೆಷ್ಟಿರುತ್ತದೆ? ನೆಲವೆಲ್ಲ ಶೆಡ್ಡು, ಗೋದಾಮುಗಳೇ. ಹೀಗೆ ಜನರ ಎರಡು ಪಾಲು ಕರಗಿಹೋಯಿತು. 2005ರಲ್ಲಿ ಮುಂಬಯಿ ಹೈಕೋರ್ಟು ಜನರ ಪರವಾಗಿ ತೀರ್ಪು ಕೊಟ್ಟಿತು. 2006ರಲ್ಲಿ ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿತು. ಲೋವರ್ ಪರೇಲಿನ ಫೀನಿಕ್ಸ್ ಮಿಲ್ಲಿದ್ದಲ್ಲಿ ಈಗ ಮಾಲು ನಿಂತಿದೆ.

ಆದರೂ ಕಾರ್ಮಿಕರು ಕೈಕಟ್ಟಿ ಕೂರಲಿಲ್ಲ. ಸಂಘ ಕಟ್ಟಿ ಮನೆಗಾಗಿ ವರ್ಷಾನುಗಟ್ಟಲೆ ಹೋರಾಡಿದರು. 2012ರಲ್ಲಿ ಸುಮಾರು 7,000 ಮನೆಗಳಿಗೆ ಚೀಟಿ ಎತ್ತಲಾಯಿತು. ಅರ್ಜಿ ಹಾಕಿದ್ದವರು ಲಕ್ಷಕ್ಕೂ ಮೇಲ್ಪಟ್ಟು. ಸಿಕ್ಕಿದ್ದು ಅಲ್ಪವೇ, ಆದರೆ ಹೋರಾಡದಿದ್ದರೆ ಅದೂ ಸಿಗುತ್ತಿರಲಿಲ್ಲ.

"ನೆಲ ಮಾಲೀಕನದು, ಅವನಿಷ್ಟದಂತೆ ಮಾರಿಕೊಳ್ಳಲಿ, ನಿಮಗೇನು?" ಎಂದು ಕೇಳುವವರಿದ್ದಾರೆ. ನಮ್ಮ ಉತ್ತರ ಇಷ್ಟು. ಆ ನೆಲಕ್ಕೆ ಬೆಲೆ ತಂದವರು ಯಾರು? ರಸ್ತೆ, ನೀರು, ರೈಲು ಎಲ್ಲವೂ ಜನರ ತೆರಿಗೆಯಿಂದ ಬಂದವು. ಸುತ್ತಲಿನ ಪೇಟೆಯನ್ನು ಬೆಳೆಸಿದವರು ಕಾರ್ಮಿಕರು ಮತ್ತು ವ್ಯಾಪಾರಿಗಳು. ನಮ್ಮ ರಾಜ್ಯದ ನಕ್ಷೆಗಳಲ್ಲಿ ಕೈಗಾರಿಕೆಗೆ ನೇರಳೆ ಬಣ್ಣ, ವ್ಯಾಪಾರಕ್ಕೆ ನೀಲಿ, ವಾಸಕ್ಕೆ ಹಳದಿ. ನೇರಳೆ ನೀಲಿಯಾದ ದಿನವೇ ಮಾಲೀಕನ ಆಸ್ತಿ ಹಲವು ಪಟ್ಟಾಗುತ್ತದೆ. ಆ ಬಣ್ಣ ಬದಲಿಸುವುದು ಸರಕಾರ, ಅದೂ ಸಾರ್ವಜನಿಕರ ಹೆಸರಿನಲ್ಲಿ. ಹಾಗಿದ್ದ ಮೇಲೆ ಲಾಭದಲ್ಲಿ ಸಾರ್ವಜನಿಕರಿಗೆ ಪಾಲು ಬೇಡವೇ?

ಇದು ದೂರದ ಮುಂಬಯಿಯ ಕಥೆಯಷ್ಟೇ ಅಲ್ಲ. ಬೆಂಗಳೂರಿನ ಬಿನ್ನಿ ಮಿಲ್ಲಿದ್ದ ಕಡೆ ಬಹುಮಹಡಿ ಮನೆಗಳೆದ್ದಿವೆ. ದಾವಣಗೆರೆಯ ಹತ್ತಿ ಗಿರಣಿಗಳ ಸದ್ದು ಅಡಗಿದ್ದನ್ನು ನಾವೆಲ್ಲ ಬಲ್ಲೆವು.

ಇನ್ನು ವ್ಯಾಪಾರಿ ಬಂಧುಗಳಿಗೆ ಒಂದು ಮಾತು. ಬಾಡಿಗೆ ಅಂಗಡಿಯವರಿಗೂ ಬೀದಿಯ ಗಾಡಿಯವರಿಗೂ ಜಗಳವಿದೆ. ಅದನ್ನು ಮುಚ್ಚಿಡುವುದು ಬೇಡ. ಆದರೆ ಗಾಡಿಯವನನ್ನು ಓಡಿಸಿದ ಮಾತ್ರಕ್ಕೆ ಅಂಗಡಿಯ ಬಾಡಿಗೆ ಇಳಿಯುವುದಿಲ್ಲ. 2014ರ ಬೀದಿ ವ್ಯಾಪಾರಿಗಳ ಕಾಯಿದೆಯ ಪ್ರಕಾರ, ಊರಿನ ವ್ಯಾಪಾರಿಗಳ ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ನೂರಕ್ಕೆ 40ಕ್ಕೆ ಕಡಿಮೆಯಿಲ್ಲದಂತೆ ಬೀದಿ ವ್ಯಾಪಾರಿಗಳಿರಬೇಕು, ಅವರಲ್ಲಿ ಮೂರರಲ್ಲೊಂದು ಭಾಗ ಹೆಂಗಸರಿರಬೇಕು. ಯಾರು ಎಲ್ಲಿ ನಿಲ್ಲಬೇಕೆಂಬ ಮಾತು ಲಾಠಿಯ ಮುಂದೆ ಅಲ್ಲ, ಆ ಸಮಿತಿಯ ಮುಂದೆ ತೀರ್ಮಾನವಾಗಲಿ.

ಆದ್ದರಿಂದ ಈ ಸಭೆಯ ಮುಂದೆ ಮೂರು ಕೆಲಸಗಳನ್ನಿಡುತ್ತೇವೆ. ಒಂದು, ಊರಿನ ಮಹಾಯೋಜನೆಯ ನಕ್ಷೆಯ ಪ್ರತಿ ತಂದು ಸಂಘದ ಕಚೇರಿಯ ಗೋಡೆಗೆ ಹಾಕಬೇಕು. ಓದಲು ಬಾರದವರಿಗೆ ಓದಿ ಹೇಳಬೇಕು. ಎರಡು, ನೆಲದ ಉಪಯೋಗ ಬದಲಿಸುವ ಮುನ್ನ ಪತ್ರಿಕೆಯಲ್ಲಿ ಪ್ರಕಟಿಸಿ ಆಕ್ಷೇಪಣೆ ಕರೆಯಬೇಕೆಂದು ನಮ್ಮ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯಲ್ಲೇ ಇದೆ. ಅಂಥ ಪ್ರಕಟಣೆಗಳನ್ನು ದಿನವೂ ಹುಡುಕಲು ಇಬ್ಬರನ್ನು ನೇಮಿಸಬೇಕು. ಕಂಡ ಕೂಡಲೇ ಬರಹದಲ್ಲಿ ಆಕ್ಷೇಪಣೆ ಹೋಗಬೇಕು. ಮೂರು, ಮುಚ್ಚಿದ ಗಿರಣಿಯ ನೆಲದಲ್ಲಿ ಕಾರ್ಮಿಕರ ಮನೆಗಳಿಗೆ, ಸಂತೆಕಟ್ಟೆಗೆ, ಮಕ್ಕಳ ಮೈದಾನಕ್ಕೆ ಪಾಲು ಬೇಕೆಂದು ಇಲ್ಲಿಯೇ ನಿರ್ಣಯ ಮಾಡಿ ನಗರಸಭೆಗೆ ಮುಟ್ಟಿಸಬೇಕು.

ಈ ಕೆಲಸಕ್ಕೆ ಹೆಸರು ಕೊಡುವವರು ಸಭೆ ಮುಗಿದೊಡನೆ ಕಾರ್ಯದರ್ಶಿಗಳನ್ನು ಕಾಣಬೇಕೆಂದು ಕೇಳಿಕೊಳ್ಳುತ್ತೇವೆ.