ಮಣೆ ಹಾಕಿದ್ದು ಯಾರಿಗೆ?

(ಕಾರ್ಮಿಕರ ಮತ್ತು ಸಣ್ಣ ವ್ಯಾಪಾರಸ್ಥರ ಸಭೆಯಲ್ಲಿ ಮಾಡಿದ ಭಾಷಣ)



1960ರ ಫೆಬ್ರವರಿ 1ರಂದು ಅಮೆರಿಕದ ಗ್ರೀನ್ಸ್‌ಬರೋ ಊರಿನಲ್ಲಿ ನಾಲ್ವರು ಕಪ್ಪು ವಿದ್ಯಾರ್ಥಿಗಳು ಬಿಳಿಯರಿಗೆ ಮೀಸಲಾಗಿದ್ದ ಊಟದ ಕೌಂಟರಿನ ಮುಂದೆ ಕುಳಿತರು. ಕಾಫಿ ಕೊಡಲಿಲ್ಲ, ಅಂಗಡಿ ಮುಚ್ಚುವವರೆಗೂ ಅವರು ಏಳಲಿಲ್ಲ. ಸುಮಾರು ಆರು ತಿಂಗಳ ಹೋರಾಟದ ಮೇಲೆ ಆ ಅಂಗಡಿ ಮಣಿಯಿತು.

ಈಗ ಅದೇ ಜನಾಂಗವನ್ನು ದಿಢೀರ್ ತಿಂಡಿಯ ಕಂಪನಿಗಳು ಕೈಹಿಡಿದು ಕರೆಯುತ್ತಿವೆ. ಇದು ಸಮಾನತೆಯೇ? ಲೆಕ್ಕ ನೋಡಿ. 2019ರಲ್ಲಿ ಇವು ಜಾಹೀರಾತಿಗೆ ಸುರಿದದ್ದು 500 ಕೋಟಿ ಡಾಲರ್. ಕನೆಕ್ಟಿಕಟ್ ವಿಶ್ವವಿದ್ಯಾನಿಲಯದ ರಡ್ ಕೇಂದ್ರದ ಎಣಿಕೆಯಂತೆ, ಆ ವರ್ಷ ಬಿಳಿಯ ಮಕ್ಕಳು ಇಂಥ 100 ಜಾಹೀರಾತು ಕಂಡರೆ ಕಪ್ಪು ಮಕ್ಕಳು 175 ಕಂಡರು. ಜಾಹೀರಾತಿನಲ್ಲಿ ಅವರದೇ ಮುಖ, ಅವರದೇ ಸಂಗೀತ. ಪೊಟ್ಟಣದೊಳಗೆ ಉಪ್ಪು, ಸಕ್ಕರೆ, ಕೊಬ್ಬು. ಅದೂ ರಕ್ತದೊತ್ತಡ, ಸಕ್ಕರೆ ಕಾಯಿಲೆಗಳು ಮೊದಲೇ ಹೆಚ್ಚಾಗಿರುವ ಜನರಿಗೆ!

"ಬೇಡವಾದರೆ ತಿನ್ನಬೇಡಿ" ಎನ್ನುತ್ತಾರೆ. ಹತ್ತಿರದಲ್ಲಿ ತರಕಾರಿ ಅಂಗಡಿಯಿಲ್ಲದ, ಎರಡು ಕಡೆ ದುಡಿದು ಬರುವ ತಾಯಿಗೆ ಆಯ್ಕೆ ಎಲ್ಲಿದೆ?

2008ರಲ್ಲಿ ಲಾಸ್ ಏಂಜಲೀಸ್ ನಗರಸಭೆ ದಕ್ಷಿಣ ಭಾಗದ ಬಡ ಬಡಾವಣೆಗಳಲ್ಲಿ ಇಂಥ ಹೊಸ ಅಂಗಡಿಗಳನ್ನು ತಡೆಯಿತು. ಆದರೆ ಮಳಿಗೆ ಸಾಲಿನೊಳಗೆ ತೆರೆಯಲು ಅಡ್ಡಿಯಿರಲಿಲ್ಲ. ಬೊಜ್ಜೂ ಇಳಿಯಲಿಲ್ಲ. ಬರೀ ತಡೆ ಸಾಲದು; ಕೈಗೆ ಕೂಲಿ ಬೇಕು, ಕೇರಿಗೆ ಒಳ್ಳೆಯ ದಿನಸಿ ಬೇಕು.

2012ರಲ್ಲಿ ನ್ಯೂಯಾರ್ಕಿನ ತಿಂಡಿ ಅಂಗಡಿಗಳ ಕೆಲಸಗಾರರು ಗಂಟೆಗೆ 15 ಡಾಲರ್ ಕೂಲಿ, ಸಂಘ ಕಟ್ಟುವ ಹಕ್ಕು ಕೇಳಿ ಮುಷ್ಕರ ಹೂಡಿದರು. ಕೊಳ್ಳುವಾಗ ದೊರೆ, ದುಡಿಯುವಾಗ ಆಳು! ಕಂಪನಿ ಮಣೆ ಹಾಕಿದ್ದು ಜೇಬಿಗೆ, ಮನುಷ್ಯನಿಗಲ್ಲ. ನಮ್ಮನ್ನು ಹೊಗಳಿ ಮಾರಲು ಬರುವವನನ್ನು ಮೊದಲು ಕೇಳೋಣ: ನಿನ್ನ ಆಳಿಗೆ ಕೂಲಿ ಎಷ್ಟು?